ಒಪ್ಪಿಕೊಂಡ ಮಗ: ಕಾರ್ನಾಡರ ‘ಯಯಾತಿ’ಯಲ್ಲಿ ಪೂರು

ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವನ್ನು ಪದವಿ ತರಗತಿಗಳಲ್ಲಿ ಪಾಠ ಹೇಳುತ್ತ ಬಂದ ನನಗೆ ಉತ್ತರಪತ್ರಿಕೆಗಳಲ್ಲಿ ತಪ್ಪದೆ ಎದುರಾಗುವ ಒಂದು ವಾಕ್ಯವಿದೆ. ಪೂರು ತಂದೆಗಾಗಿ ತನ್ನ ಯೌವನವನ್ನೇ ತ್ಯಾಗ ಮಾಡಿದ ಆದರ್ಶ ಪುತ್ರ ಎಂಬುದು ಆ ವಾಕ್ಯ. ಶಿರಸಿಯ ವಿದ್ಯಾರ್ಥಿ ಬರೆದರೂ ಸಿದ್ದಾಪುರದವರು ಬರೆದರೂ ಯಲ್ಲಾಪುರದ ಘಟ್ಟದಂಚಿನ ಹಳ್ಳಿಯಿಂದ ಬಂದವರು ಬರೆದರೂ ಮಾತು ಬದಲಾಗುವುದಿಲ್ಲ. ಇದನ್ನು ತಪ್ಪೆಂದು ಹೊಡೆದುಹಾಕುವುದು ಸುಲಭ. ಆದರೆ ಅಷ್ಟು ಮಂದಿ ಒಂದೇ ಬಗೆಯಲ್ಲಿ ತಪ್ಪುತ್ತಿದ್ದಾರೆಂದರೆ ಅದರ ಹಿಂದೆ ನಾಟಕಕ್ಕಿಂತ ಹಳೆಯದಾದ ಯಾವುದೋ ಓದು ಕೆಲಸ ಮಾಡುತ್ತಿರಬೇಕು. ಅವರು ಉತ್ತರಿಸುತ್ತಿರುವುದು ವ್ಯಾಸಭಾರತದ ಪೂರುವಿನ ಬಗ್ಗೆ. ಕಾರ್ನಾಡರ ಪೂರು ಅವರ ಕಣ್ಣಿಗೆ ಬಿದ್ದೇ ಇಲ್ಲ. ಈ ಎರಡನೆಯ ಪೂರು ನನಗೆ ಹೊಸಗನ್ನಡ ನಾಟಕದ ಅತ್ಯಂತ ಕಳವಳಗೊಂಡ ತರುಣರಲ್ಲೊಬ್ಬನಾಗಿ ಕಾಣುತ್ತಾನೆ. ಅವನನ್ನು ಆದರ್ಶ ಪುತ್ರನೆಂದು ಕರೆದರೆ ಅವನಿಗೂ ಅನ್ಯಾಯ, ಅವನ ಹೆಂಡತಿಗೆ ಇನ್ನೂ ದೊಡ್ಡ ಅನ್ಯಾಯ.

ಮೊದಲು ಮೂಲವನ್ನು ನೋಡೋಣ. ಆದಿಪರ್ವದ ಯಯಾತ್ಯುಪಾಖ್ಯಾನದಲ್ಲಿ ಯಯಾತಿಗೆ ಐವರು ಮಕ್ಕಳು. ದೇವಯಾನಿಯಲ್ಲಿ ಯದು ಮತ್ತು ತುರ್ವಸು, ಶರ್ಮಿಷ್ಠೆಯಲ್ಲಿ ದ್ರುಹ್ಯು, ಅನು ಮತ್ತು ಪೂರು. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪು ಬಂದೆರಗಿದಾಗ ಯಯಾತಿ ಒಬ್ಬೊಬ್ಬ ಮಗನನ್ನೂ ಕರೆದು ಯೌವನವನ್ನು ಬೇಡುತ್ತಾನೆ. ನಾಲ್ವರು ನಿರಾಕರಿಸಿ ಶಾಪಕ್ಕೆ ಗುರಿಯಾಗುತ್ತಾರೆ. ಕಿರಿಯನಾದ ಪೂರು ಒಪ್ಪುತ್ತಾನೆ. ಸಾವಿರ ವರ್ಷಗಳ ಭೋಗದ ನಂತರ ತಂದೆ ಯೌವನವನ್ನು ಹಿಂತಿರುಗಿಸಿ, ಜ್ಯೇಷ್ಠರನ್ನು ಬಿಟ್ಟು ಕಿರಿಯನಿಗೆ ಪಟ್ಟ ಕಟ್ಟುವುದೇ ಎಂದು ಪ್ರಜೆಗಳು ಆಕ್ಷೇಪಿಸಿದರೂ ಅವನನ್ನೇ ಅರಸನನ್ನಾಗಿ ಮಾಡುತ್ತಾನೆ. ಇಲ್ಲಿ ಪೂರುವಿಗೆ ಒಳಮನಸ್ಸೆಂಬುದಿಲ್ಲ. ಅವನಿಗೆ ಅದರ ಅಗತ್ಯವೂ ಇಲ್ಲ. ಕೇಳಿದ್ದಕ್ಕೆ ಹೂಂ ಎಂದವನು, ಅದಕ್ಕೆ ಪ್ರತಿಯಾಗಿ ರಾಜ್ಯ ಪಡೆದವನು. ಕಥೆಯ ಲೆಕ್ಕ ಕೊನೆಗೆ ಸರಿಹೋಗುತ್ತದೆ. ಆ ಪ್ರಸಂಗದಲ್ಲಿ ಅವನ ಹೆಂಡತಿಯ ಮಾತೇ ಬರುವುದಿಲ್ಲ.

ಕಾರ್ನಾಡರು ಈ ಲೆಕ್ಕವನ್ನು ಎಲ್ಲೆಲ್ಲಿ ಕೆಡಿಸಿದರೆಂಬುದನ್ನು ಗಮನಿಸಬೇಕು. ನಿರಾಕರಿಸುವ ನಾಲ್ವರು ಅಣ್ಣಂದಿರು ನಾಟಕದಲ್ಲಿಲ್ಲ. ಹೋಲಿಸಿ ಹೊಗಳಲು ಯಾರೂ ಉಳಿದಿಲ್ಲ. ಪೂರು ಶರ್ಮಿಷ್ಠೆಯ ಮಗನಲ್ಲ. ಸಾವಿರ ವರ್ಷಗಳು ಒಂದು ರಾತ್ರಿಯಷ್ಟಕ್ಕೆ ಕುಗ್ಗಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಅವನು ಆಗತಾನೇ ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಅರಮನೆಗೆ ಮರಳಿದ್ದಾನೆ. ಚಿತ್ರಲೇಖೆ ಕಾರ್ನಾಡರ ಸ್ವಂತ ಸೃಷ್ಟಿ. ಊರು ನವದಂಪತಿಗಳನ್ನು ಎದುರುಗೊಳ್ಳುವ ಸಂಭ್ರಮದಲ್ಲಿರುವಾಗ ಅಂತಃಪುರದೊಳಗೆ ದೇವಯಾನಿ, ಶರ್ಮಿಷ್ಠೆ, ಯಯಾತಿ ಮೂವರ ಜಗಳ ಶಾಪದ ಮಟ್ಟಕ್ಕೆ ಬಂದು ಮುಟ್ಟಿರುತ್ತದೆ.

ನಾಟಕ ಹುಟ್ಟಿದ ಸಂದರ್ಭ ಎಲ್ಲರಿಗೂ ಗೊತ್ತಿರುವಂಥದ್ದೇ. ಆದರೂ ನಮ್ಮ ಭಾಗದ ಓದುಗರಿಗಾಗಿ ಸ್ವಲ್ಪ ವಿವರವಾಗಿ ಹೇಳುವುದರಲ್ಲಿ ತಪ್ಪಿಲ್ಲ. 1938ರಲ್ಲಿ ಮಾಥೇರಾನಿನಲ್ಲಿ ಹುಟ್ಟಿದ ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ತಂದೆ ಡಾ. ರಘುನಾಥ ಕಾರ್ನಾಡರು ಸರಕಾರಿ ವೈದ್ಯರು. ಉತ್ತರ ಕನ್ನಡ ಜಿಲ್ಲೆ ಆಗಿನ್ನೂ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾಲ. ತಂದೆತಾಯಿಯರೊಡನೆ ಕಂಪನಿ ನಾಟಕಗಳಿಗೆ, ಮನೆಗೆಲಸದವರೊಡನೆ ಸುಗ್ಗಿಯ ನಂತರದ ಬಯಲಾಟಗಳಿಗೆ ಹೋಗುತ್ತಿದ್ದುದನ್ನು ಅವರು ಮುಂದೆ ಬರೆದಿದ್ದಾರೆ. ಒಂದರಲ್ಲಿ ಪರದೆ, ಪಕ್ಕದ ಪರದೆಗಳು, ಗ್ಯಾಸ್‌ಲೈಟು. ಇನ್ನೊಂದರಲ್ಲಿ ತೆರೆದ ಬಯಲು, ಚಂಡೆ, ರಾತ್ರಿಯಿಡೀ ಕಥೆ. ಹದಿಹರೆಯದಲ್ಲಿ ಕುಟುಂಬ ಧಾರವಾಡಕ್ಕೆ ಹೋಯಿತು. ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿದ ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಹೊರಡುವ ಮೊದಲಿನ ಗೊಂದಲದ ದಿನಗಳಲ್ಲಿ ಈ ನಾಟಕ ತಾನಾಗಿ ಬಂತು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದುಕೊಂಡಿದ್ದ ಹುಡುಗ ಬರೆದದ್ದು ಕನ್ನಡದಲ್ಲಿ, ಅದೂ ನಾಟಕವನ್ನು. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಅದನ್ನು ಪ್ರಕಟಿಸಿತು. ಆಗ ಲೇಖಕನ ವಯಸ್ಸು ಪೂರುವಿನದಕ್ಕಿಂತ ಹೆಚ್ಚಿರಲಾರದು.

ಕಡಲಾಚೆ ಹೋದ ಮಗ ಮರಳಿ ಬರುತ್ತಾನೋ ಇಲ್ಲವೋ, ಅಲ್ಲಿಯೇ ಮದುವೆಯಾಗಿ ನಿಂತುಬಿಟ್ಟರೆ ಏನು ಗತಿ ಎಂಬ ಆತಂಕ ಮನೆಯಲ್ಲಿತ್ತು. ತನ್ನ ಭವಿಷ್ಯವನ್ನು ಬಲಿಕೊಡೆಂದು ಕೇಳುತ್ತಿರುವಂತೆ ಕಂಡ ಹಿರಿಯರ ಮೇಲಿನ ಅಸಮಾಧಾನ ಈ ನಾಟಕದಲ್ಲಿ ಹೊರಬಂತೆಂಬ ಅರ್ಥದ ಮಾತನ್ನು ಕಾರ್ನಾಡರೇ ಹೇಳಿದ್ದಾರೆ. ವಿಮರ್ಶಕರು ಈ ಹೇಳಿಕೆಯನ್ನು ಹಿಡಿದುಕೊಂಡು ಪೂರು ಎಂದರೆ ತರುಣ ಕಾರ್ನಾಡ ಎಂಬ ಸಮೀಕರಣಕ್ಕೆ ಬಂದುಬಿಡುತ್ತಾರೆ. ನಾನೂ ಬಹುಕಾಲ ಹಾಗೆಯೇ ಪಾಠ ಮಾಡಿದ್ದೇನೆ. ಈಗ ಆ ಸಮೀಕರಣ ನಿಲ್ಲುವುದಿಲ್ಲವೆಂದು ನನಗೆ ಅನ್ನಿಸುತ್ತದೆ. ಕಾರಣ ಸರಳವಾದದ್ದು. ಲೇಖಕರಿಗೆ ಅಸಮಾಧಾನವಿತ್ತು, ಪೂರುವಿಗೆ ಅದಿಲ್ಲ. ಬಲಿ ಕೇಳುವವರ ಮೇಲೆ ಅವನು ಸಿಟ್ಟಾಗುವುದಿಲ್ಲ, ತಾನಾಗಿ ಮುಂದೆ ಬಂದು ಕೊರಳೊಡ್ಡುತ್ತಾನೆ. ಹಾಗಾದರೆ ಆ ಸಿಟ್ಟು ನಾಟಕದಲ್ಲಿ ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಪೂರು ಒಪ್ಪಿಕೊಂಡದ್ದು ಯಾಕೆ ಎಂಬುದನ್ನು ಮೊದಲು ಬಿಡಿಸಬೇಕು.

ಪೂರು ರಂಗಕ್ಕೆ ಬರುವುದೇ ಒಂದು ಬಗೆಯ ಹಿಂಜರಿಕೆಯಿಂದ. ದೊಡ್ಡ ವಂಶದಲ್ಲಿ ಹುಟ್ಟಿದವನು, ಆ ದೊಡ್ಡತನಕ್ಕೆ ತಾನು ತಕ್ಕವನಲ್ಲವೆಂಬ ಅರಿವು ಅವನ ಮೈಗೂಡಿದೆ. ಪೂರ್ವಜರ ಪರಾಕ್ರಮದ ವರ್ಣನೆ ಅವನಿಗೆ ಹೆಮ್ಮೆಯ ಮಾತಲ್ಲ, ಹೊರೆ. ಪ್ರತಿ ತಲೆಮಾರೂ ಹಿಂದಿನದನ್ನು ಮೀರಬೇಕೆಂದು ಬಯಸುವ ಮನೆಯಲ್ಲಿ, ಮೀರಲಾರೆನೆಂದು ಬಲ್ಲ ಮಗ ಅವನು. ಇಂಥವನಿಗೆ ಮೂರು ದಾರಿಗಳಿರುತ್ತವೆ. ತಂದೆಯೊಡನೆ ಸೆಣಸಬಹುದು, ಮನೆ ಬಿಟ್ಟು ಹೋಗಬಹುದು, ಇಲ್ಲವೇ ತಂದೆಗಿಂತ ಮೊದಲೇ ಮುದುಕನಾಗಿಬಿಡಬಹುದು. ಶಾಪ ಅವನ ಮುಂದೆ ಈ ಮೂರನೆಯ ದಾರಿಯನ್ನು ತೆರೆಯುತ್ತದೆ. ಮುದುಕನಿಂದ ಯಾರೂ ಪರಾಕ್ರಮವನ್ನು ನಿರೀಕ್ಷಿಸುವುದಿಲ್ಲ. ರಾಜ್ಯ ಆಳಬೇಕಾಗಿಲ್ಲ, ಯುದ್ಧ ಗೆಲ್ಲಬೇಕಾಗಿಲ್ಲ, ಗಂಡನಾಗಬೇಕಾಗಿಯೂ ಇಲ್ಲ. ಬಾಳದೆಯೇ ಬಾಳನ್ನು ಮುಗಿಸಿದವನ ಮರ್ಯಾದೆ ಒಮ್ಮೆಗೇ ದಕ್ಕುತ್ತದೆ. ಅದಕ್ಕೆ ಲೋಕ ಕೊಡುವ ಹೆಸರು ತ್ಯಾಗ. ವಂಶದಲ್ಲಿ ಯಾರೂ ಮಾಡದ ಒಂದು ದೊಡ್ಡ ಕೆಲಸ ಕೊನೆಗೂ ಅವನ ಕೈಗೆ ಸಿಕ್ಕಿತು. ಅದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲವೆಂಬುದೇ ಅದರ ಅನುಕೂಲ.

ಇದು ಕಟುವಾದ ಓದೆಂದು ಕೆಲವರಿಗೆ ತೋರಬಹುದು. ಆದರೆ ಮುಪ್ಪನ್ನು ಒಪ್ಪಿಕೊ, ಅದರಿಂದ ಓಡಬೇಡವೆಂದು ಯಯಾತಿಗೆ ಹೇಳುವವಳು ಶರ್ಮಿಷ್ಠೆ ಎಂಬುದನ್ನು ನೆನೆಯಬೇಕು. ತಂದೆ ತನ್ನ ಮುಪ್ಪಿನಿಂದ ಓಡುತ್ತಿದ್ದಾನೆ, ಮಗ ತನ್ನ ಯೌವನದಿಂದ ಓಡುತ್ತಿದ್ದಾನೆ. ಇಬ್ಬರೂ ಎದುರುಬದುರಾಗಿ ಓಡಿ ಬಂದು ಒಂದೆಡೆ ಕೂಡಿದ್ದಾರೆ. ಅವರ ಒಪ್ಪಂದ ಅಷ್ಟು ಬೇಗ ಮುಗಿಯುವುದಕ್ಕೆ ಕಾರಣ ಪಿತೃಭಕ್ತಿಯಲ್ಲ. ಇಬ್ಬರಿಗೂ ಅದರಿಂದ ಲಾಭವಿತ್ತು. ತರಗತಿಯಲ್ಲಿ ಹ್ಯಾಮ್ಲೆಟ್ಟನನ್ನು ಪಕ್ಕದಲ್ಲಿಟ್ಟು ನೋಡಿರೆಂದು ನಾನು ಹೇಳುವುದುಂಟು. ಅವನನ್ನು ಕುವೆಂಪು ‘ರಕ್ತಾಕ್ಷಿ’ಯಲ್ಲಿ ನಮ್ಮ ನೆರೆಯ ಬಿದನೂರಿಗೇ ತಂದಿದ್ದಾರಷ್ಟೆ. ಸತ್ತ ತಂದೆ ವಹಿಸಿದ ಕೆಲಸವನ್ನು ಮಾಡಲಾರದೆ ಡೆನ್ಮಾರ್ಕಿನ ರಾಜಕುಮಾರ ಮುಂದೂಡುತ್ತ ಹೋಗುತ್ತಾನೆ. ಪೂರುವಿನದು ಅದಕ್ಕೆ ತಿರುವುಮುರುವಾದ ರೋಗ. ಯೋಚಿಸಲು ಒಂದು ರಾತ್ರಿಯಾದರೂ ಬೇಕೆಂದು ಅವನಿಗೆ ಅನ್ನಿಸುವುದಿಲ್ಲ. ಯೋಚಿಸಿದ್ದರೆ ಪಕ್ಕದ ಕೋಣೆಯಲ್ಲಿ ಹೆಂಡತಿ ಕಾಯುತ್ತಿರುವುದು ನೆನಪಾಗುತ್ತಿತ್ತು.

ಅದು ಅವನಿಗೆ ನೆನಪಾಗುವುದಿಲ್ಲ. ನನ್ನ ಮಟ್ಟಿಗೆ ಪೂರುವಿನ ಪಾತ್ರದ ಕೀಲಿ ಇರುವುದು ಇಲ್ಲಿಯೇ. ತನ್ನ ಯೌವನ ತನ್ನೊಬ್ಬನ ಆಸ್ತಿಯೆಂದು ಅವನು ತಿಳಿದಿದ್ದಾನೆ. ಆ ಹೊತ್ತಿಗೆ ಅದರಲ್ಲಿ ಇನ್ನೊಬ್ಬರ ಪಾಲಿತ್ತು. ಅವಳನ್ನು ಕೇಳದೆ ಅದನ್ನು ದಾನ ಮಾಡುವ ಹಕ್ಕು ಅವನಿಗಿರಲಿಲ್ಲ.

ಇದೇ ಸಂದರ್ಭದಲ್ಲಿ ಜೈನ ಪುರಾಣಪರಂಪರೆಯ ಇನ್ನೊಬ್ಬ ಮಗ ನನಗೆ ಮತ್ತೆ ಮತ್ತೆ ನೆನಪಾಗುತ್ತಾನೆ. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಬರುವ, ಪಂಪನೂ ‘ಆದಿಪುರಾಣ’ದಲ್ಲಿ ಎತ್ತಿಕೊಂಡ ಅರವಿಂದನ ಕಥೆ ಅದು. ಸ್ವಯಂಬುದ್ಧನೆಂಬ ಮಂತ್ರಿ ಮಹಾಬಲನಿಗೆ ಹೇಳುವ ದೃಷ್ಟಾಂತಗಳಲ್ಲಿ ಇದೂ ಒಂದು. ವಿದ್ಯಾಧರ ಅರಸನಾದ ಅರವಿಂದನಿಗೆ ದಾಹಜ್ವರ ಬರುತ್ತದೆ. ಯಾವ ಉಪಚಾರದಿಂದಲೂ ಉರಿ ತಣಿಯದು. ಹಲ್ಲಿಗಳ ಕಾದಾಟದಲ್ಲಿ ಬಾಲ ತುಂಡಾಗಿ ಮೈಮೇಲೆ ಬಿದ್ದ ನೆತ್ತರಿನ ಹನಿಯಿಂದ ಅವನಿಗೆ ತಂಪೆನಿಸುತ್ತದೆ. ಅಷ್ಟಕ್ಕೇ ಮಗ ಕುರುವಿಂದನನ್ನು ಕರೆದು, ಕಾಡಿನ ಜಿಂಕೆಗಳನ್ನು ಕೊಂದು ನೆತ್ತರಿನ ಕೊಳವೊಂದನ್ನು ಮಾಡಿಸು, ಅದರಲ್ಲಿ ಮೀಯುತ್ತೇನೆ ಎನ್ನುತ್ತಾನೆ. ಇಲ್ಲಿಯೂ ತಂದೆಯ ದೇಹಕ್ಕೆ ಬಂದ ಸಂಕಟ, ಅದನ್ನು ಕಳೆಯಲು ಮಗನಿಗೆ ಆಜ್ಞೆ. ಕುರುವಿಂದ ಎದುರಾಡುವುದಿಲ್ಲ. ಆದರೆ ಕೊಲ್ಲಲೂ ಒಲ್ಲನು. ಅರಗಿನ ನೀರಿನಿಂದ ಕೊಳವನ್ನು ಕೆಂಪಾಗಿಸಿ ತಂದೆಯನ್ನು ಕರೆತರುತ್ತಾನೆ. ನೀರು ಬಾಯಿಗೆ ಹೋದಾಗ ಮೋಸ ತಿಳಿದು, ಮಗನನ್ನು ಕೊಲ್ಲಲು ಕತ್ತಿ ಹಿರಿದು ಓಡಿದ ಅರವಿಂದ ಮುಗ್ಗರಿಸಿ ಆ ಕತ್ತಿಯ ಮೇಲೆಯೇ ಬಿದ್ದು ಸಾಯುತ್ತಾನೆ.

ಎರಡು ಕಥೆಗಳ ಉದ್ದೇಶ ಬೇರೆ, ಅವು ಹುಟ್ಟಿದ ಕಾಲ ಬೇರೆ. ಕಾರ್ನಾಡರಿಗೆ ಅರವಿಂದನ ಕಥೆ ಪ್ರೇರಣೆಯಾಯಿತೆಂದು ನಾನು ಹೇಳುತ್ತಿಲ್ಲ. ಮುಂದೆ ಜನ್ನನ ‘ಯಶೋಧರ ಚರಿತೆ’ಯನ್ನು ಆಧರಿಸಿ ‘ಹಿಟ್ಟಿನ ಹುಂಜ’ ಬರೆದವರು ಅವರೆಂಬುದು ನಿಜ. ಅದು 1980ರ ಮಾತು. ಆದರೆ ಇಬ್ಬರು ಮಕ್ಕಳನ್ನು ಜೊತೆಗಿಟ್ಟಾಗ ಒಂದು ವ್ಯತ್ಯಾಸ ಸ್ಪಷ್ಟವಾಗಿ ಎದ್ದುಕಾಣುತ್ತದೆ. ಕುರುವಿಂದ ತಂದೆ ಮತ್ತು ತಾನು ಎಂಬ ಇಬ್ಬರ ನಡುವೆಯೇ ವ್ಯವಹಾರ ಮುಗಿಸಲಿಲ್ಲ. ಆಜ್ಞೆಯನ್ನು ಕೇಳಿದ ಕ್ಷಣ ಅವನ ಲೆಕ್ಕದಲ್ಲಿ ಮೂರನೆಯವು ಬಂದವು, ಅಂದರೆ ಕಾಡಿನ ಜಿಂಕೆಗಳು. ಅವುಗಳಿಗಾಗಿ ಅವನು ಸುಳ್ಳಾಡಿದ, ಜೀವವನ್ನು ಅಪಾಯಕ್ಕೊಡ್ಡಿದ. ಪೂರುವಿನ ಲೆಕ್ಕದಲ್ಲಿ ಮೂರನೆಯವರಿಲ್ಲ. ತಂದೆಯ ಸಂಕಟ, ತನ್ನ ತ್ಯಾಗ, ಇಷ್ಟೇ. ಲೋಕದ ಕಣ್ಣಿಗೆ ಕುರುವಿಂದ ತಂದೆಯನ್ನು ವಂಚಿಸಿದ ಮಗ, ಪೂರು ತಂದೆಯನ್ನು ಉಳಿಸಿದ ಮಗ. ಕವಿಗಳು ಮಾತ್ರ ಬೇರೆ ಬಗೆಯಲ್ಲಿ ತೂಗಿದ್ದಾರೆ.

ಈಗ ಚಿತ್ರಲೇಖೆಯ ಕಡೆಗೆ ಬರೋಣ. ಗಂಡ ದೊಡ್ಡ ತ್ಯಾಗ ಮಾಡಿದನೆಂದು ಕೇಳಿ ಮೊದಲು ಅವಳೂ ಹೆಮ್ಮೆಪಡಲು ಯತ್ನಿಸುತ್ತಾಳೆ. ಮುದುಕನಾದ ಅವನ ಮುಖವನ್ನು ಕಂಡ ಮೇಲೆ ಆ ಹೆಮ್ಮೆ ಉಳಿಯುವುದಿಲ್ಲ. ಅವನನ್ನು ಹೊರಗಟ್ಟುತ್ತಾಳೆ. ಸೊಸೆಗೆ ಪತಿವ್ರತಾಧರ್ಮವನ್ನು ಬೋಧಿಸಲು ಬಂದ ಯಯಾತಿಯನ್ನು, ನನ್ನ ಗಂಡನ ಯೌವನ ನಿಮ್ಮಲ್ಲಿದೆಯಲ್ಲ, ಹಾಗಾದರೆ ನೀವೇ ನನ್ನನ್ನು ಸ್ವೀಕರಿಸಿ ಎಂಬ ಅರ್ಥದ ಸವಾಲಿನಿಂದ ಎದುರಿಸುತ್ತಾಳೆ. ಹೊಸಗನ್ನಡ ನಾಟಕದಲ್ಲಿ ಇದಕ್ಕಿಂತ ನಿರ್ಭಿಡೆಯ ತರ್ಕ ಅಪರೂಪ. ಮಗನ ಯೌವನವನ್ನು ತೆಗೆದುಕೊಳ್ಳಲು ಅಂಜದ ಅರಸ ಅದರೊಂದಿಗೆ ಬಂದ ಹೊಣೆಯನ್ನು ಕಂಡಾಗ ಅಧರ್ಮವೆಂದು ಹಿಂಜರಿಯುತ್ತಾನೆ. ಅವಳು ವಿಷ ಕುಡಿಯುತ್ತಾಳೆ.

ಸಿಟ್ಟು ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ತಮ್ಮ ಭವಿಷ್ಯವನ್ನು ಬೇಡಿದ ಹಿರಿಯರ ಮೇಲೆ ಇಪ್ಪತ್ತೆರಡರ ಕಾರ್ನಾಡರಿಗಿದ್ದ ಕೋಪವನ್ನು ಮಾತಾಡುವವಳು ಚಿತ್ರಲೇಖೆ. ಪೂರು ಲೇಖಕರ ಪ್ರತಿಬಿಂಬವಲ್ಲ. ಹಡಗು ಹತ್ತದೆ ಉಳಿದಿದ್ದರೆ ತಾವು ಏನಾಗುತ್ತಿದ್ದರೋ ಆ ಭಯದ ರೂಪ. ಒಪ್ಪಿಕೊಂಡ ಮಗನನ್ನು ಅವರು ಹೊರಗಿನಿಂದ ನೋಡಿದ್ದಾರೆ, ಒಪ್ಪದವಳನ್ನು ಒಳಗಿನಿಂದ. ಪೂರುವಿನ ಮಾತುಗಳು ಎಷ್ಟೋ ಕಡೆ ಮಂಕಾಗಿರುವುದು ಎಳೆಯ ಲೇಖಕನ ಕೈಸೋಲೆಂದು ಮೊದಲು ಅಂದುಕೊಂಡಿದ್ದೆ. ಈಗ ಅದು ಪಾತ್ರದ್ದೇ ಸ್ವಭಾವವೆನ್ನಿಸುತ್ತದೆ. ಆದರೂ ಅವನು ಒಪ್ಪುವ ಗಳಿಗೆಯನ್ನು ನಾಟಕ ಇನ್ನಷ್ಟು ಹೊತ್ತು ನಮ್ಮ ಮುಂದೆ ಹಿಡಿಯಬೇಕಿತ್ತೆಂಬ ಆಕ್ಷೇಪವನ್ನು ನಾನು ಬಿಟ್ಟುಕೊಡಲಾರೆ.

ನಾಟಕದ ರೂಪಕ್ಕೆ ಋಣವೆಂದು ಕಾರ್ನಾಡರು ಹೆಸರಿಸಿದ್ದು ಅನುಯಿ, ಸಾರ್ತ್ರ್, ಓನೀಲ್ ಮತ್ತು ಗ್ರೀಕರನ್ನು. ವಿಶೇಷವಾಗಿ ಅನುಯಿಯ ‘ಆಂಟಿಗನಿ’ಯನ್ನು. ಅದು ಅವರ ಮಾತು, ಅಲ್ಲಗಳೆಯುವಂತಿಲ್ಲ. ಆದರೆ ಶಿರಸಿ ಸೀಮೆಯಲ್ಲಿ ತಾಳಮದ್ದಳೆ ಕೇಳುತ್ತ ಬೆಳೆದ ಕಿವಿಗೆ ಚಿತ್ರಲೇಖೆ ಮತ್ತು ಯಯಾತಿಯರ ಸಂವಾದದಲ್ಲಿ ಬೇರೊಂದು ಧ್ವನಿಯೂ ಕೇಳುತ್ತದೆ. ‘ಭೀಷ್ಮ ವಿಜಯ’ ಪ್ರಸಂಗದಲ್ಲಿ ಅಂಬೆ ಭೀಷ್ಮನನ್ನು ಕೇಳುವ ಪ್ರಶ್ನೆಗಳ ಧಾಟಿ ಅದು. ಭೀಷ್ಮನೂ ಇದೇ ಪೂರುವಿನ ವಂಶದವನಲ್ಲವೇ? ಅವನೂ ತಂದೆಯ ಆಸೆಗಾಗಿ ತನ್ನ ಯೌವನವನ್ನು ಬಿಟ್ಟುಕೊಟ್ಟವನು. ಅವನ ಪ್ರತಿಜ್ಞೆಯ ಬೆಲೆಯನ್ನೂ ತೆತ್ತವಳು ಒಬ್ಬ ಹೆಣ್ಣು. ನಮ್ಮ ಅರ್ಥಧಾರಿಗಳು ಭೀಷ್ಮನ ಸಮರ್ಥನೆಗೆ ಎಷ್ಟೇ ಶಾಸ್ತ್ರವಾಕ್ಯಗಳನ್ನು ತಂದರೂ ಒಳ್ಳೆಯ ಅಂಬೆ ಸಿಕ್ಕಿದ ರಾತ್ರಿ ಸಭೆಯ ಮನಸ್ಸು ಎತ್ತ ವಾಲುತ್ತದೆಂಬುದನ್ನು ಬಲ್ಲವರು ಬಲ್ಲರು. ಕಂಪನಿ ನಾಟಕದಿಂದಲೂ ಆಂಟಿಗನಿಯಿಂದಲೂ ಕಲಿತದ್ದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮಗನ ತ್ಯಾಗವನ್ನು ಹೆಣ್ಣಿನ ಕಟಕಟೆಗೆ ತಂದು ನಿಲ್ಲಿಸುವ ಈ ಪದ್ಧತಿ ನಮ್ಮ ಬಯಲಿನಲ್ಲಿ ಮೊದಲೇ ಇತ್ತೆನ್ನುವುದು ನನ್ನ ಅಭಿಪ್ರಾಯ. ಇದನ್ನು ಯಾರಾದರೂ ಸಂಶೋಧನೆಯ ವಿಷಯವಾಗಿ ಎತ್ತಿಕೊಂಡರೆ ಒಳ್ಳೆಯದು.

ವಿದ್ಯಾರ್ಥಿಗಳ ಆ ವಾಕ್ಯಕ್ಕೆ ಮರಳುತ್ತೇನೆ. ಒಂದು ವರ್ಷ ಈ ಪಾಠದ ನಡುವೆ, ಸಿದ್ದಾಪುರ ಕಡೆಯ ಒಬ್ಬ ಹುಡುಗ ಕೊನೆಕೊಯ್ಲಿನ ಕಾರಣಕ್ಕೆ ವಾರಗಟ್ಟಲೆ ತರಗತಿಗೆ ಬಂದಿರಲಿಲ್ಲ. ಬಂದ ಮೇಲೆ ಕಾರಣ ಕೇಳಿದೆ. ಅಪ್ಪಯ್ಯನಿಗೆ ಮೊಣಕಾಲು ನೋವು, ಅಣ್ಣ ಬೆಂಗಳೂರಿನಲ್ಲಿದ್ದಾನೆ, ತೋಟ ನೋಡುವವರಿಲ್ಲ ಎಂದ. ಮುಂದೆ ಓದುವ ಆಸೆ ಅವನಿಗಿತ್ತು. ಮನೆಯಲ್ಲಿ ಯಾರೂ ಬೇಡವೆಂದಿರಲಿಲ್ಲ. “ಯಾರೂ ಕೇಳಲಿಲ್ಲ ಸರ್, ನಾನೇ ಉಳೀತೇನೆ ಅಂದೆ” ಎಂದ. ಅವನ ಉತ್ತರಪತ್ರಿಕೆಯಲ್ಲಿಯೂ ಪೂರು ಆದರ್ಶ ಪುತ್ರನೇ ಆಗಿದ್ದ. ನನಗೆ ಆ ದಿನ ಅದರ ಮೇಲೆ ಕೆಂಪು ಗೆರೆ ಎಳೆಯಲು ಕೈ ಬರಲಿಲ್ಲ. ಅವನದು ಪೂರುವಿನ ಪಲಾಯನವೆಂದು ಹೇಳಲು ನಾನು ಯಾರು? ಮನೆಯಲ್ಲಿ ಉಳಿಯುವ ಮಕ್ಕಳೆಲ್ಲ ಪೂರುಗಳಲ್ಲ. ಉಳಿದ ಮೇಲೆ ತೋಟದ ಕೆಲಸವೂ ಮಾಡಲಿಕ್ಕಿರುತ್ತದೆ. ಪೂರುವಿಗೆ ಆ ಕೆಲಸವೂ ಇರಲಿಲ್ಲ. ನಮ್ಮ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಇಂದು ಇರುವುದು ಯಯಾತಿಯ ಕಥೆಯ ಮಗುಚಿದ ರೂಪ. ಯೌವನವೆಲ್ಲ ಊರು ಬಿಟ್ಟು ಹೋಗಿದೆ, ಜಗುಲಿಯಲ್ಲಿ ಆಯಿ ಮತ್ತು ಅಪ್ಪಯ್ಯ ಮಾತ್ರ ಕುಳಿತಿದ್ದಾರೆ, ಯಾರಿಂದಲೂ ಏನನ್ನೂ ಬೇಡದೆ. ಇಂಥಲ್ಲಿ ಬೆಳೆದವರಿಗೆ ಒಪ್ಪಿಕೊಂಡ ಮಗ ದೊಡ್ಡವನಾಗಿ ಕಾಣುವುದು ಆಶ್ಚರ್ಯವಲ್ಲ. ಅವರ ಓದನ್ನು ತಿದ್ದುವಾಗ ನಾನು ಇದನ್ನು ಮರೆಯಬಾರದು. ಹಾಗೆಂದು ನಾಟಕದಲ್ಲಿಲ್ಲದ್ದನ್ನು ಇದೆ ಎನ್ನಲೂ ಆಗದು.

ನಾಟಕದ ಕೊನೆಯಲ್ಲಿ ಯಯಾತಿ ತನ್ನ ಮುಪ್ಪನ್ನು ಮರಳಿ ಪಡೆದು ಶರ್ಮಿಷ್ಠೆಯೊಡನೆ ಕಾಡಿಗೆ ಹೋಗುತ್ತಾನೆ. ಅವನಿಗೊಂದು ಅರಿವು ದಕ್ಕಿದೆ, ಜೊತೆಗೊಬ್ಬಳು ಸಂಗಾತಿಯಿದ್ದಾಳೆ. ಪೂರುವಿಗೆ ಯೌವನ ಮರಳಿದೆ, ರಾಜ್ಯವೂ ಸಿಕ್ಕಿದೆ. ವ್ಯಾಸಭಾರತದಲ್ಲಿ ಇದು ಬಹುಮಾನ. ಇಲ್ಲಿ ಅವನ ಮುಂದೆ ಹೆಂಡತಿಯ ಹೆಣ ಬಿದ್ದಿದೆ. ಯಾವುದರಿಂದ ಓಡಿದ್ದನೋ ಅದನ್ನೇ ಅವನ ಕೈಗಿಟ್ಟು ಹಿರಿಯರು ಹೊರಟುಹೋಗಿದ್ದಾರೆ. ಇದಕ್ಕೆಲ್ಲ ಅರ್ಥವೇನೆಂದು ಅವನು ದೇವರನ್ನು ಕೇಳುತ್ತಾನೆ. ಈ ಪ್ರಶ್ನೆಯನ್ನು ಅಸ್ತಿತ್ವವಾದದ ಚೌಕಟ್ಟಿನಲ್ಲಿಟ್ಟು ವಿವರಿಸುವುದು ನಮ್ಮ ರೂಢಿ. ನಾನೂ ಟಿಪ್ಪಣಿ ಬರೆಸಿದ್ದೇನೆ. ಹಾಗೆ ಬರೆಸುತ್ತಿದ್ದ ಒಂದು ದಿನ ಹಿಂದಿನ ಬೆಂಚಿನಿಂದ ಯಲ್ಲಾಪುರದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಅವನು ದೇವರನ್ನ ಕೇಳ್ತಾ ನಿಂತಿದ್ದಾನೆ. ಅವಳ ತವರಿಗೆ ಯಾರು ಹೇಳಿ ಕಳಿಸ್ತಾರೆ?” ಎಂದು ಕೇಳಿದಳು. ಪುಸ್ತಕವನ್ನು ಮತ್ತೆ ತಿರುವಿ ನೋಡಿದೆ. ಹೇಳಿ ಕಳಿಸಿದ್ದು ಅದರಲ್ಲಿ ಎಲ್ಲಿಯೂ ಇಲ್ಲ.